ಪಂಚಮಿಗೆ ಕರೆಯಲು ಬಂದ ಅಣ್ಣ

೨೦೦೫ರ ಶ್ರಾವಣ. ಬಿಸಿಲೇರುವ ಮುಂಚೆ, ಸಿಂದಗಿ ಬಸ್‌ಸ್ಟ್ಯಾಂಡಿನಲ್ಲಿ ನಾನು ಕೂತಿದ್ದ ಬೆಂಚಿಗೇ ಜಯಮಾಲಾ ಎಂಬ ಹೆಂಗಸು ಬಂದು ಕೂತಳು. ಅವಳ ಮುಖ, ಕುತ್ತಿಗೆ ಬಾತಿದ್ದವು. ಜೊತೆಗೆ ಬಂದಿದ್ದ ಅವಳ ಅಣ್ಣ ಕಲ್ಮೇಶ ಅವಳ ಗಂಡನ ಮೇಲೆ ಹರಿಹಾಯುತ್ತಿದ್ದ.

“ತಲಿಯಿಂದ ರಕ್ತ ಇಳಿಸೂ ಎದಿಯೊಳಗಿನ ದೊಡ್ಡ ರಕ್ತನಾಳಕ್ಕ ಸೊಲ್ಲಾಪುರದ ದವಾಖಾನ್ಯಾಗ ಸ್ಟೆಂಟ್ ಹಾಕಿಸಿ ನಾಕು ವರ್ಷ ಆತು. ಮತ್ತ ಮುಖ ಬಾತ್ರ ಅವತ್ತ ಕರಕೊಂಡ ಬರ್ರಿ ಅಂತ ಡಾಕ್ಟರ್ ಹೇಳಿರಲಿಲ್ಲೇನು, ಮಾವಾ?”

“ಮೈಕೈ ತುಂಬ್ಕೊಂಡಾಳ ಅಂದ್ಕೊಂಡ್ವಿ. ಓಣ್ಯಾಗಿನವರೂ ಹಂಗ ಅಂದ್ರು.”

“ಅದಕ್ಕ ನಿಮ್ಮವ್ವ ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತಗದ್ಲು! ಒಳಗ ಸ್ಟೆಂಟ್ ಕಟ್ಟಿ ರಕ್ತ ನಿಂತೈತಿ, ಹೊರಗ ಆರತಿ ಎತ್ರಿ!”

“ಸಿಟ್ಟಾಗಬ್ಯಾಡೋ. ನಾಳಿ ಪಂಚಮಿ ಮುಗೀಲಿ, ಆಮ್ಯಾಲ ದವಾಖಾನಿ ನೋಡೂಣು.”

“ಉಂಡಿ ತಿನ್ನಿಸಿ ಜೋಕಾಲಿ ಆಡಸಾಕ ತವರಿಗೆ ಕರಿಯಾಕ ಬಂದಿದ್ದೆ. ಬಾಗಿಲಾಗ ನನ್ನ ತಂಗೀನ ನನಗ ಗುರ್ತ ಸಿಗಲಿಲ್ಲ.”

ಜಯಮಾಲಾ ಆಗ ಬಾಯಿಬಿಟ್ಟಳು.

“ಆಷಾಢ ಪೂರ್ತಿ ಗ್ವಾಡಿಗೆ ಒರಗಿ ಕೂತ ನಿದ್ದಿ ಮಾಡೇನಿ. ಮಲಗಿದ್ರ ಉಸಿರು ಕಟ್ಟತೈತಿ. ಬಾಜೂಕ ಗೊರಕಿ ಹೊಡ್ಯಾವ್ರಿಗೆ ಹೆಂಗ ತಿಳೀಬೇಕು?”

ಸೊಲ್ಲಾಪುರದ ಬಸ್ಸು ಬಂತು. ಅಣ್ಣ ಅವಳ ರಟ್ಟೆ ಹಿಡಿದು ಹತ್ತಿಸಿದ.

“ನಾನೂ ಬರ್ಲೇನು?” ಎಂದ ಗಂಡ.

ಇಬ್ಬರೂ ತಿರುಗಿ ನೋಡಲಿಲ್ಲ. ಅವತ್ತು ಅಣ್ಣ ತಂಗಿ ಇಬ್ಬರೇ ಹೋದರು.