ಹಳೇ ಅರಿವೆ ಇಲ್ಲದ ಮನೆ

ಒಂದೂರಿನ ಶ್ರೀಮಂತನ ಮನೆಯಲ್ಲಿ ಹಳೇ ಬಟ್ಟೆ ಇರಲಿಲ್ಲ. ಒಂದು ತುಂಡೂ ಇರಲಿಲ್ಲ.

ನಗಬೇಡಿ. ಆತ ಹತ್ತಿ ಗಿರಣಿಯ ಮಾಲೀಕ. ಅವನ ಗೋದಾಮಿನ ಹತ್ತಿಯಿಂದ ಅರ್ಧ ತಾಲ್ಲೂಕಿಗೆ ಅಂಗಿ ಹೊಲಿಸಬಹುದಿತ್ತು. ಆದರೆ ಮನೆಯಲ್ಲಿ ಒಂದು ಮೆತ್ತನೆಯ ಹಳೇ ಧೋತರ ಕೇಳಿದರೆ ಇಲ್ಲ. ಯಾಕಿರಲಿಲ್ಲ? ಒಂದು ಶ್ರಾವಣದಲ್ಲಿ ಆ ಊರಿಗೆ ನಮ್ಮಂಥವನೇ ಒಬ್ಬ ಪ್ರವಚನಕಾರ ಬಂದಿದ್ದ. ಸಿಟ್ಟು ಬಿಡಿ, ಸುಳ್ಳು ಬಿಡಿ, ಸೊಕ್ಕು ಬಿಡಿ ಎಂದು ತಿಂಗಳಿಡೀ ಒದರಿದ. ಹೇಳಲು ಬೇರೇನೂ ಹೊಳೆಯದ ಒಂದು ಸಂಜೆ, ಹಳೇ ಬಟ್ಟೆ ಮನೆಯಲ್ಲಿಟ್ಟರೆ ದರಿದ್ರ ಸುತ್ತಿಕೊಳ್ಳುತ್ತದೆ, ಅದನ್ನೂ ಬಿಡಿ ಎಂದುಬಿಟ್ಟ. ಎಲ್ಲಿ ಓದಿದ್ದ? ಎಲ್ಲೂ ಓದಿರಲಿಲ್ಲ. ನಮ್ಮ ಕಸುಬೇ ಹೀಗೆ ನೋಡಿ. ಒಂದು ಗಂಟೆ ತುಂಬಿಸಬೇಕು, ಗಂಟಲು ಕೈಕೊಡಬಾರದು, ಅಷ್ಟೆ.

ಶ್ರೀಮಂತ ಸಿಟ್ಟು ಬಿಡಲಿಲ್ಲ, ಸುಳ್ಳು ಬಿಡಲಿಲ್ಲ, ಸೊಕ್ಕು ಬಿಡಲಿಲ್ಲ. ಹಳೇ ಬಟ್ಟೆ ಬಿಟ್ಟ! ಸುಲಭ ನೋಡಿ. ಮರುದಿನವೇ ಮನೆಯ ಹಳೇ ಸೀರೆ, ಧೋತರ, ಕೌದಿ ಎಲ್ಲ ಬಟ್ಟೆಗೆ ಪಾತ್ರೆ ಕೊಡುವವಳ ಬುಟ್ಟಿ ಸೇರಿದವು. ಅಲ್ಲಿಂದ ಮುಂದೆ ಆ ಮನೆಯಲ್ಲಿ ಬಟ್ಟೆ ಮೆತ್ತಗಾಗುವ ಮೊದಲೇ ಹೊರಬೀಳುತ್ತಿತ್ತು.

ಒಬ್ಬಳೇ ಮಗಳು ಚೊಚ್ಚಿಲ ಹೆರಿಗೆಗೆ ತವರಿಗೆ ಬಂದಳು. ಐದು ತಿಂಗಳು ಬಾಣಂತನ ಮಾಡಿ ತಾಯಿ-ಕೂಸನ್ನು ಗಂಡನ ಮನೆಗೆ ಕಳಿಸುವುದು ತವರಿನ ಪದ್ಧತಿ. ಶ್ರೀಮಂತ ಕಾದದ್ದು ಆ ಐದು ತಿಂಗಳಿಗಾಗಿ. ಇನ್ನು ಕೂಸು ಆಡಿಸಲು ಮಧ್ಯಾಹ್ನವೇ ಮನೆಗೆ ಹೋಗುವವನು ತಾನು ಎಂದು ಗಿರಣಿಯಲ್ಲಿ ಎಲ್ಲರಿಗೂ ಸಾರಿಟ್ಟಿದ್ದ. ಮತ್ತೆ ಅಂಗಡಿ ಅಂಗಡಿ ಸುತ್ತಿದ. ಸಾಗವಾನಿ ತೊಟ್ಟಿಲು ಬಂತು. ಬೆಳ್ಳಿ ಬಟ್ಟಲು ಬಂತು. ಡೈಪರ್ ಡಬ್ಬಿಗಳು, ಸೋಪು, ಪೌಡರು, ಎರಡು ವರ್ಷ ತುಂಬಿದ ಮೇಲೆ ಹಿಡಿಸುವ ಜರಿ ಫ್ರಾಕು. ಕೂಸನ್ನು ತಳ್ಳಿಕೊಂಡು ಹೋಗುವ ಗಾಡಿಯೂ ಬಂತು. ಆ ಓಣಿಯ ಫರಸಿಕಲ್ಲಿನ ಮೇಲೆ ಅದು ಎರಡು ಮಾರು ಉರುಳಿ ನಿಂತಿತು.

ಬೇಸಿಗೆಯಲ್ಲಿ ಹೆಣ್ಣು ಕೂಸು ಹುಟ್ಟಿತು. ಮುಖದಲ್ಲಿ ಅಜ್ಜನ ಮೂಗು. ಶ್ರೀಮಂತನಿಗೆ ನೆಲ ಕಾಣಲಿಲ್ಲ. ಆದರೆ ಆ ಸೆಕೆಗೆ, ಆ ಬಿಗಿ ಡೈಪರಿಗೆ, ಗಂಜಿ ಹಾಕಿದಂಥ ಹೊಸ ಬಟ್ಟೆಗೆ ಕೂಸಿನ ತೊಡೆ ಸಂದು ಕೆಂಪಾಗಿ ಸುಲಿಯಿತು. ಡಾಕ್ಟರು ನೋಡಿ, ಪೌಡರ್ ನಿಲ್ಲಿಸಿ, ಒಗೆದು ಒಗೆದು ಮೆತ್ತಗಾದ ಹಳೇ ಹತ್ತಿ ಬಟ್ಟೆ ಸುತ್ತಿ, ಒದ್ದೆಯಾದ ಕೂಡಲೇ ಬದಲಿಸಿ ಎಂದರು.

ಹೆಂಡತಿ ನೀಲವ್ವ ಅಂದಳು, “ಬಾಜೂ ಮನಿ ದ್ಯಾಮವ್ವನ ಕಡೆ ಪೆಟ್ಟಿಗಿ ತುಂಬ ಐತ್ರಿ. ಇಸಕೊಂಡು ಬರ್ತೀನಿ.”

“ಆಕಿ ಹರಕು ಅರಿವಿ ನನ್ನ ಮೊಮ್ಮಗಳಿಗಾ? ಓಣ್ಯಾಗ ನನ್ನ ಮಾನ ಏನಾಗಬೇಕು?”

“ನೀವು ಗಿರಣಿ ಸಾವಕಾರ ಅಂತ ಕೂಸಿಗೆ ಗೊತ್ತೈತೇನ್ರಿ? ಅದಕ್ಕ ಗೊತ್ತಿರೂದು ಉರಿ ಒಂದ.”

ನೀಲವ್ವ ಹೋಗಿಯೇ ಹೋದಳು. ದ್ಯಾಮವ್ವ ಕಾಂಪೌಂಡ್ ಗೋಡೆಯ ಮೇಲಿಂದ ಒಂದು ತೆಕ್ಕೆ ಬಟ್ಟೆ ಕೊಟ್ಟಳು. “ತಗೋರಿ ಅಕ್ಕಾರ. ನನ್ನ ಮೂರು ಕೂಸು ಉಚ್ಚಿ ಹೊಯ್ದು ಹೊಯ್ದು ಮೆತ್ತಗ ಮಾಡ್ಯಾವ. ನಿಮ್ಮದು ನಾಕನೇದು.”

ಕೂಸಿನ ಮೈ ಒಣಗುತ್ತ ಬಂತು. ಅಳು ನಿಂತಿತು. ಅಷ್ಟರಲ್ಲಿ ಕೂಸಿಗೆ ಹದಿನೈದು ದಿನವಾಗಿ, ಹೆಸರಿಡುವ ಮೊದಲೇ ಒಮ್ಮೆ ಬೀಗರು ಕೂಸು ನೋಡಲು ಬರುವ ದಿನ ಬಂತು. ಅಂಗಳದ ತಂತಿಯ ತುಂಬ ದ್ಯಾಮವ್ವನ ಬಣ್ಣಗೆಟ್ಟ ಸೀರೆಯ ತುಂಡುಗಳು! ಶ್ರೀಮಂತ ಎಲ್ಲವನ್ನೂ ತಾನೇ ಬಾಚಿ ಗೋಡೆಯಾಚೆ ಎಸೆದ.

“ಯಾಕ್ರೀ ಸಾವಕಾರ್ರ, ಒಂದ ದಿನದಾಗ ಕೂಸು ದೊಡ್ಡದಾತೇನು?” ಎಂದಳು ದ್ಯಾಮವ್ವ.

ಶ್ರೀಮಂತ ಆಗಲೇ ಕೂಸಿನ ಕೋಣೆಗೆ ನಡೆದಿದ್ದ. ನೀಲವ್ವ ಒಳಗೆ ಹೋಳಿಗೆ ತಟ್ಟುತ್ತಿದ್ದಳು. ಮಗಳು “ಬ್ಯಾಡಪ್ಪಾ, ಈಗಷ್ಟ ಮಾಯಾಕತ್ತೇತಿ” ಎಂದಳು. ಕೇಳಿದನೇ? ಕೂಸಿಗೆ ಡೈಪರ್ ಬಿಗಿದು, ಮೇಲೆ ಜರಿ ಫ್ರಾಕು ಏರಿಸಿದ.

ಬೀಗತಿ ಬಂದು ಕೂತಾಗ ಕೂಸು ಉಸಿರುಕಟ್ಟಿ ಚೀರುತ್ತಿತ್ತು. ಆಕೆ ತೊಡೆಯ ಮೇಲೆ ಹಾಕಿಕೊಂಡು ಫ್ರಾಕು ಎತ್ತಿ, ಡೈಪರ್ ಬಿಚ್ಚಿದಳು. ಮಾಯುತ್ತಿದ್ದ ಚರ್ಮ ಮತ್ತೆ ಬಿರಿದು ರಕ್ತ ಜಿನುಗುತ್ತಿತ್ತು.

“ಬೀಗರ, ಇದು ಕೂಸೋ, ಅಂಗಡ್ಯಾಗಿನ ಗೊಂಬಿಯೋ?” ಎಂದಳು. ಆಮೇಲೆ ಸೊಸೆಯ ಕಡೆ ತಿರುಗಿ, “ಏಳವ್ವಾ. ಮನ್ಯಾಗ ನಿಮ್ಮ ಮಾವಾರ ಹಳೇ ಧೋತರ ಒಂದು ಟ್ರಂಕ್ ಅದಾವ. ಹೋಗೂಣು” ಎಂದಳು.

ಒಲ್ಲೆ ಅನ್ನುತ್ತಾಳೆಂದು ಶ್ರೀಮಂತ ಮಗಳ ಮುಖ ನೋಡಿದ. ಮಗಳು ಅವನ ಮುಖ ನೋಡದೆ, ಕೂಸನ್ನು ತನ್ನ ಸೆರಗಿನಲ್ಲಿ ಸುತ್ತಿಕೊಂಡು ಎದ್ದಳು.

ಈಗ ನಿಮ್ಮ ವಿಷಯ. ನಿಮಗೆ ಗಿರಣಿ ಇಲ್ಲ, ಆದ್ದರಿಂದ ಈ ಕಥೆ ನಿಮ್ಮದಲ್ಲ ಎಂದು ನಿರಾಳ ಕೂತಿದ್ದೀರಿ. ಮನೆಗೆ ಕೂಸು ಬರುತ್ತದೆಂದರೆ ಮೊದಲು ಅಂಗಡಿಗೆ ಓಡುತ್ತೀರೋ ಇಲ್ಲವೋ? ಕೂಸಿನ ಮೊದಲ ವರ್ಷಕ್ಕೆ ಬೇಕಾದ್ದು ತಾಯಿಯ ಹಾಲು, ಆರು ತಿಂಗಳಾದ ಮೇಲೆ ಮೆತ್ತನೆಯ ಅನ್ನ, ಸೊಳ್ಳೆಪರದೆ, ಹೊತ್ತಿಗೆ ಸರಿಯಾಗಿ ಲಸಿಕೆ, ರಾಶಿ ಹಳೇ ಅರಿವೆ. ಮತ್ತೆ, ಗಂಡಸರೇ, ಅದನ್ನು ಒಗೆಯಲು ನಿಮ್ಮೆರಡು ಕೈ. ಇಷ್ಟು ಹೇಳುತ್ತಿರುವ ನಾವು ಒಂದು ಕೂಸನ್ನೂ ಸಾಕಿದವರಲ್ಲ. ಆಶೀರ್ವಾದಕ್ಕೆಂದು ತಂದು ಕೊಟ್ಟರೆ ನಮ್ಮ ಗಡ್ಡ ನೋಡಿಯೇ ಕಿರುಚುತ್ತವೆ. ಆದ್ದರಿಂದ ನಮ್ಮನ್ನು ನಂಬಬೇಡಿ, ಪಕ್ಕದಲ್ಲಿ ಕೂತ ತಾಯಂದಿರನ್ನು ಕೇಳಿ ನೋಡಿ.

ಮನೆಗೆ ಹೋಗಿ ಒಂದು ಹಳೇ ಸೀರೆ ತೆಗೆಯಿರಿ. ಬಿಸಿನೀರಲ್ಲಿ ಒಗೆದು, ಬಿಸಿಲಲ್ಲಿ ಒಣಗಿಸಿ, ಮಡಿಸಿಡಿ. ಓಣಿಯಲ್ಲಿ ಬಸುರಿ ಇದ್ದರೆ ಅವಳಿಗೆ ಕೊಡಿ. ನಿಮ್ಮಲ್ಲಿಲ್ಲವೇ? ಗೋಡೆ ಹತ್ತಿರ ಹೋಗಿ ಬಾಯಿಬಿಟ್ಟು ಕೇಳಿ. ಬೀಗರು ಬಂದರೆ ತಂತಿಯ ಮೇಲೆ ಒಣಗುತ್ತಿರಲಿ ಬಿಡಿ, ಅವರೂ ಅದರಲ್ಲೇ ಬೆಳೆದವರು.

ಆ ಶ್ರೀಮಂತ ಕಳೆದುಕೊಂಡದ್ದು ಇಷ್ಟು: ಹೆಸರಿಡುವ ಶಾಸ್ತ್ರ ಒಂದು, ಮೊದಲ ನಗು ಒಂದು, ಕೂಸು ಬೋರಲು ಬಿದ್ದ ಮಧ್ಯಾಹ್ನ ಒಂದು. ಐದು ತಿಂಗಳಲ್ಲಿ ನಾಲ್ಕೂವರೆ ತಿಂಗಳು.