ಆನೆ ಗ್ರೂಪು

ಸಿದ್ದಾಪುರದಲ್ಲಿ ವಿರಾಜಪೇಟೆ ಬಸ್ಸಿಗೆ ಕಾಯುತ್ತಿದ್ದ ಸುಧಾಳ ಕಿವಿಗೆ ಪಕ್ಕದಲ್ಲಿ ನಿಂತ ಇಬ್ಬರು ತೋಟದವರ ಮಾತು ಬಿತ್ತು. ಹಿರಿಯರು ಆಗಲೇ ಸಿಡುಕುತ್ತಿದ್ದರು.

“ಬೆಳಿಗ್ಗೆ ಹಾಲಿಗೆ ಹೋದ ಸೊಸೆಗೆ ಆನೆ ಎದುರಿಗೇ ಸಿಕ್ಕಿದೆ, ಧರ್ಮೇಶ. ಓಡಿ ಉಳ್ಕೊಂಡ್ಲು. ವಾಟ್ಸಾಪಲ್ಲಿ ಒಂದು ಮಾತು ಹಾಕೋಕೇನಾಗಿತ್ತು ನಿಂಗೆ?”

“ಐದೂವರೆಗೇ ಹಾಕಿದ್ದೆ, ಶಾಂತಪ್ಪಣ್ಣ. ಎಲೆಕ್ಷನ್ ಜಗಳದಲ್ಲಿ ಆನೆ ಗ್ರೂಪ್ ಬಿಟ್ಟು ಹೋದೋರು ನೀವೇ ಅಲ್ವಾ?”

“ನಿಮ್ಮ ಪಾರ್ಟಿಯೋರ ಬೈಗುಳ ಕೇಳ್ಕೊಂಡು ಕೂತಿರ್ಬೇಕಿತ್ತಾ?”

“ಈಗ ಅಲ್ಲಿ ಆನೆ ಸುದ್ದಿ ಬಿಟ್ಟು ಬೇರೇನೂ ಇಲ್ಲ. ಬೈಯೋಕೆ ಟೀ ಅಂಗಡಿ ಇದೆಯಲ್ಲ.”

ಶಾಂತಪ್ಪ ಮೊಬೈಲ್ ಚಾಚಿದರು. “ಸೇರ್ಸು. ನಮ್ಮೋರನ್ನೆಲ್ಲ ಸೇರ್ಸು. ಆದ್ರೆ ಮುಂದಿನ ಸಲ ನಿಮ್ಮನ್ನ ಸೋಲಿಸೋದು ಸೋಲಿಸೋದೇ.”

ಪಾಲಿಬೆಟ್ಟದ ಬಸ್ಸು ಬಂತು. ಹತ್ತುತ್ತ ಧರ್ಮೇಶ ನಕ್ಕ.

“ಸೋಲಿಸಿ ಅಣ್ಣಾ. ಅದಕ್ಕೆ ನಿಮ್ಮೋರೆಲ್ಲ ಬದುಕಿರ್ಬೇಕಲ್ಲ!”