ಗಿರಣಿಯಣ್ಣ ಮತ್ತು ನಾವು ತೋಡಿದ ಗುಂಡಿ

ಸೇರಿರುವ ಹಿರಿಯರೇ, ತಾಯಂದಿರೇ, ಮುಂದಿನ ಸಾಲಿನಲ್ಲಿ ಮಗನೊಂದಿಗೆ ಕೂತಿರುವ ಅತ್ತಿಗೆ — ಎಲ್ಲರಿಗೂ ನಮಸ್ಕಾರ. ನಮ್ಮನ್ನಗಲಿದ ಗಿರಣಿಯಣ್ಣನ ಜೊತೆ ಹಿಟ್ಟು ತೂಗುತ್ತಲೇ ತಲೆ ಬೆಳ್ಳಗಾದವನು ನಾನು. ಮಾತು ಉದ್ದವಾದರೆ ಕ್ಷಮಿಸಿ. "ಗಿರಣಿ ಬೆಲ್ಟಿಗಾದ್ರೂ ಸ್ವಿಚ್ಚಿದೆ, ನಿಮ್ಮ ಬಾಯಿಗಿಲ್ಲ" ಅನ್ನುತ್ತಿದ್ದಳು ನನ್ನವಳು, ಇದ್ದಾಗ.

ಕಾಲೇಜಿನಲ್ಲಿ ಭೂಗೋಳದ ಮೇಷ್ಟ್ರು ಬೋರ್ಡಿನ ಮೇಲೆ ಹೀಗೆ — ಹೀಗೆ — ಸುತ್ತು ಹಾಕಿ, "ಇಂಟರ್‌ಡಿಪೆಂಡೆನ್ಸ್ ಆಫ್... ಆಫ್ ವಿಲೇಜಸ್" ಅಂದಿದ್ದರು. ಮುಂದಿನದು ಮರೆತಿದೆ. ಅರ್ಥ ಮಾತ್ರ ಈಗ ಆಯಿತು. ಗಿರಣಿ ನಮ್ಮೂರಲ್ಲಿ, ಆಸ್ಪತ್ರೆ ಮೇಲೂರಲ್ಲಿ. ಅವರ ಹಿಟ್ಟು ಇಲ್ಲಿ, ನಮ್ಮ ಹೆರಿಗೆ ಅಲ್ಲಿ.

ಬಸ್ಸು ಯಾವ ಊರಿನ ತನಕ ಬಂದು ವಾಪಸ್ ತಿರುಗಬೇಕು — ಎರಡೂರಿಗೂ ಅಷ್ಟಕ್ಕೇ ಜಗಳ. "ಮೇಲೂರಿಗೆ ಬಸ್ಸು ಹೇಗೆ ಹತ್ತುತ್ತೆ ನೋಡೇ ಬಿಡೋಣ" ಎಂದು ನಮ್ಮ ಹುಡುಗರು ರಸ್ತೆ ಅಗೆದರು. ಮರುದಿನ ಮೇಲೂರಿನವರು ಪೆಟ್ರೋಲು ಹಿಡಿದು ಗಿರಣಿಗೆ ಬಂದರು. ಅಣ್ಣ ಬಾಗಿಲಿಗೆ ಎರಡೂ ಕೈ ಚಾಚಿ — ಹೀಗೆ — ನಿಂತ. ಎದುರಿಗೆ ಮೇಲೂರಿನ ಬಡಗಿ, ಕೈಯಲ್ಲಿ ಕಬ್ಬಿಣದ ಸರಳು.

"ಲೋ ಬಡಗಿ, ನಿನ್ನ ಮೂಟೇನೂ ಒಳಗಿದೆ ಕಣೋ!"

"ಸುಟ್ಟು ಹೋಗ್ಲಿ! ಸರಿ ಆಚೆ!"

"ಹೆಂಡ್ತಿ ಕೇಳಿದ್ರೆ ಏನಂತೀಯೋ?"

ನಕ್ಕ ಅಣ್ಣ. ಆ ನಗುವಿನ ಮೇಲೆಯೇ ಸರಳು ಬಿತ್ತು. ಮತ್ತೆ ಬಿತ್ತು. ತಲೆ ಒಡೆದ ಸದ್ದು — ಬೇಡ, ಮಕ್ಕಳು ಕೂತಿದ್ದಾರೆ. ಹಿಟ್ಟು ಕೆಂಪಾಯಿತು, ಅಷ್ಟು ಸಾಕು. ಬೆನ್ನ ಹಿಂದೆ ಬೆಂಕಿ.

ಜೀಪಿನಲ್ಲಿ ಹಾಕಿಕೊಂಡು ಹೊರಟೆವು. ಎಲ್ಲಿಗೆ? ಮೇಲೂರಿಗೇ! ಬೇರೆಲ್ಲಿದೆ ಆಸ್ಪತ್ರೆ? ಜೀಪು ನಿಂತಿತು — ನಾವೇ ತೋಡಿದ ಗುಂಡಿಯ ಮುಂದೆ. ಆಚೆಯಿಂದ ಅವರ ನರ್ಸಮ್ಮ ಚೀಲ ಹಿಡಿದು ಓಡಿ ಬಂದರು. "ಮೇಲೂರೋಳು! ಹೊಡೀರೋ!" — ನಮ್ಮವರದೇ ಕಲ್ಲು. ಹಣೆಯ ರಕ್ತ ಒರೆಸಿಕೊಳ್ಳುತ್ತಲೇ ಗುಂಡಿಗಿಳಿದು ಹತ್ತಿ ಬಂದರು. ಅಷ್ಟರಲ್ಲಿ ನನ್ನ ತೊಡೆಯ ಮೇಲೆ ಅಣ್ಣನ ತಲೆ ಭಾರವಾಗಿತ್ತು. ಟೂ... ಟೂ ಲೇಟ್.

ಅಗೋ, ಹಣೆಗೆ ಪಟ್ಟಿ ಕಟ್ಟಿಕೊಂಡು ಬಾಗಿಲ ಬಳಿ ನಿಂತಿದ್ದಾರೆ. ಬನ್ನಿಯಮ್ಮ, ಅತ್ತಿಗೆ ಸರಿದು ಜಾಗ ಮಾಡಿದ್ದಾರೆ, ಕೂತ್ಕೊಳ್ಳಿ.

ಹುಡುಗರೇ, ಕುರ್ಚಿಯ ಕೆಳಗಿನ ದೊಣ್ಣೆಗಳು ನನಗೆ ಕಾಣುತ್ತಿಲ್ಲ ಅಂದುಕೊಂಡಿರಾ? ಸಭೆ ಮುಗಿದೊಡನೆ ಮೇಲೂರಿಗೆ ನುಗ್ಗುವ ಪ್ಲಾನ್ ನನ್ನ ಕಿವಿಗೂ ಬಿದ್ದಿದೆ. ಹೋಗಿ! ತಲೆ ಒಡೆಯಿರಿ, ಒಡೆಸಿಕೊಳ್ಳಿ. ಹೊಲಿಗೆ ಹಾಕುವವರು ಯಾರು? ಈ ತಾಯಿಯೇ ಅಲ್ಲವೇ — ಅದೇ ಗುಂಡಿ ದಾಟಿ? ಬಡಗಿ ಲಾಕಪ್ಪಿನಲ್ಲಿದ್ದಾನೆ, ಅವನನ್ನು ಕೋರ್ಟು ನೋಡಿಕೊಳ್ಳಲಿ. ಗುಂಡಿ ನಮ್ಮದು, ಮುಚ್ಚಬೇಕಾದವರೂ ನಾವೇ. ಅತ್ತಿಗೆ ಬೆಳಿಗ್ಗೆಯೇ ಗುದ್ದಲಿಗಳನ್ನು ತರಿಸಿ ಹೊರಗೆ ಇಡಿಸಿದ್ದಾರೆ.

ಈಗ ಎಲ್ಲರೂ ಎದ್ದು ನಿಲ್ಲೋಣ. ತಡೆಯಿರಿ — ಮೌನಕ್ಕೆ ಮೊದಲು ದೊಣ್ಣೆಗಳು ನೆಲಕ್ಕೆ ಬೀಳುವ ಸದ್ದು ನನಗೆ ಕೇಳಬೇಕು. ... ಹ್ಞಾ. ... ಇನ್ನೊಂದು. ... ನೀನೂ ಹಾಕಪ್ಪ. ನೀನು ಅಣ್ಣನ ಮಗ. ನೀನು ಕೆಳಗಿಡುವ ತನಕ ನಾವೆಲ್ಲ ಹೀಗೇ ನಿಂತಿರುತ್ತೇವೆ —